ಒಗರಿನ ಪಾಠ

ಗೋಡೆಗೆ ತೂಗುಹಾಕಿದ್ದ ಚಿತ್ರಪಟದ ಮುಂದೆ ನಿಂತು ನಾನು ಪಾಠ ಹೇಳುತ್ತಿದ್ದೆ. ಎರಡನೆಯ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ಹೊರಗೆ ಹೋದ. ಮೂವತ್ತೊಂದು ವರ್ಷ ವಿಜ್ಞಾನದ ಉಪಾಧ್ಯಾಯನಾಗಿದ್ದ ನನಗೆ ತರಗತಿಯಿಂದ ಎದ್ದುಹೋಗುವ ಹುಡುಗರು ಹೊಸಬರೇನಲ್ಲ. ಕೆಲವರು ಬಾಯಾರಿಕೆಯ ನೆವದಿಂದ ಹೋಗುತ್ತಾರೆ, ಕೆಲವರು ನಮ್ಮ ಪಾಠದ ದೆಸೆಯಿಂದಲೇ ಹೋಗುತ್ತಾರೆ. ಈ ಹುಡುಗ ಹೋದ ಬಗೆ ಬೇರೆಯಾಗಿತ್ತು. ಅಪ್ಪಣೆ ಕೇಳಲಿಲ್ಲ, ಹಿಂದಿರುಗಿ ನೋಡಲಿಲ್ಲ, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಇದು ನಡೆದುದು ೨೦೦೬ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ, ಬಯಲುಸೀಮೆಯ ಒಂದು ಹೋಬಳಿಯ ಪ್ರೌಢಶಾಲೆಯಲ್ಲಿ. ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ. ಒಣ ಪಾಠಕ್ಕಿಂತ ಕಥೆ ಲೇಸು, ಬರಿಯ ಕಥೆಗಿಂತ ಚಿತ್ರಕಥೆ ಲೇಸು ಎಂದು ನಂಬಿದ್ದ ನಾನು ಎಲ್ಲಿಂದಲೋ ಬಂದಿದ್ದ ಎಂಟು ಹಾಳೆಗಳ ಚಿತ್ರಪಟವೊಂದನ್ನು ಬೀರುವಿನಿಂದ ಹೊರತೆಗೆದಿದ್ದೆ. ಅದರಲ್ಲಿ ಇಬ್ಬರು ಹುಡುಗರು. ಒಬ್ಬ ಹಂಚಿನ ಮನೆಯವನು. ಬೆಳ್ಳಗಿದ್ದಾನೆ, ತಲೆ ಬಾಚಿದ್ದಾನೆ, ಊಟಕ್ಕೆ ಮುಂಚೆ ಕೈತೊಳೆಯುತ್ತಾನೆ. ಇನ್ನೊಬ್ಬನದು ಗುಡಿಸಲು, ಕಪ್ಪಗಿದ್ದಾನೆ, ಅಂಗಿ ಹರಿದಿದೆ, ಗುಡಿಸಲ ಮುಂದೆ ತೊಗಲು ಒಣಹಾಕಿದೆ, ಅದರ ಮೇಲೆ ನೊಣಗಳು. ಮೂರನೆಯ ಹಾಳೆಯಲ್ಲಿ ಆ ತೊಗಲಿನಿಂದ ಹೊರಟ ಸೂಕ್ಷ್ಮಜೀವಿಗಳು ಕೋರೆಹಲ್ಲು ಬಿಟ್ಟುಕೊಂಡು ಊರ ಕಡೆಗೆ ಹಾರುತ್ತವೆ. ಐದನೆಯ ಹಾಳೆಯಲ್ಲಿ ವೈದ್ಯರು ಬರುತ್ತಾರೆ. ಎಂಟನೆಯದರಲ್ಲಿ ಕಪ್ಪು ಹುಡುಗ ಬೆಳ್ಳಗಿನ ಹುಡುಗನಿಂದ ಸಾಬೂನು ಪಡೆದು ಕೃತಾರ್ಥನಾಗುತ್ತಾನೆ.

ವಾಚಕರು ನನ್ನನ್ನು ಬೈಯಬಹುದು. ಆ ಪಟವನ್ನು ನಾನು ಅದಕ್ಕೆ ಮುಂಚೆ ಆರು ವರ್ಷ ತೋರಿಸಿದ್ದೆ. ಅದರಲ್ಲಿ ನನಗೆ ಕಂಡಿದ್ದ ದೋಷವೆಂದರೆ ಸೂಕ್ಷ್ಮಜೀವಿಗೆ ಹಲ್ಲಿರುವುದಿಲ್ಲ ಎಂಬುದೊಂದೇ. ಆ ದೋಷವನ್ನು ಪ್ರತಿವರ್ಷವೂ ತಪ್ಪದೆ ಮಕ್ಕಳಿಗೆ ತಿಳಿಸುತ್ತಿದ್ದೆ, ಮತ್ತು ಹಾಗೆ ತಿಳಿಸುವ ನನ್ನ ವೈಜ್ಞಾನಿಕ ಎಚ್ಚರದ ಬಗೆಗೆ ನನಗೆ ಕೊಂಚ ಹೆಮ್ಮೆಯೂ ಇತ್ತು.

ಮೂರನೆಯ ದಿನ ಸಂಜೆ ಹುಡುಗನ ಮನೆಯನ್ನು ಹುಡುಕಿಕೊಂಡು ಹೋದೆ. ಊರಿನಿಂದ ಆಚೆ, ಹಳ್ಳದ ದಂಡೆಯಲ್ಲಿ ಅವರ ಕೇರಿ. ತೊಗಲು ಹದಮಾಡುವ ಕಸುಬನ್ನು ಆ ವೇಳೆಗೆ ಹೆಚ್ಚಿನವರು ಬಿಟ್ಟಿದ್ದರು. ಹುಡುಗನ ಅಜ್ಜ ಮಾತ್ರ ಬಿಟ್ಟಿರಲಿಲ್ಲ. ಅವರು ಅಂಗಳದಲ್ಲಿ ಒಂದು ಬಾನಿಯ ಮುಂದೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಏನಾಯಿತೆಂದು ಕೇಳಿದೆ.

"ಏನೂ ಆಗಿಲ್ಲ ಸ್ವಾಮಿ. ಹುಡುಗ ಬಂದು, ಇಸ್ಕೂಲಿನ ಪಟದಾಗೆ ನಮ್ಮ ಕೇರಿ ಬರೆದವ್ರೆ ಅಂದ. ಬರೆದ್ರೆ ಸಂತೋಸ ಅಲ್ವೇನೋ ಅಂದೆ. ಅದಕ್ಕವನು, ಅಜ್ಜಾ, ಊರಿಗೆಲ್ಲ ಕಾಯಿಲೆ ಅಲ್ಲಿಂದ್ಲೇ ಬತ್ತದೆ ಅಂತ ಬರೆದವ್ರೆ ಅಂದ."

ಅವರ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಏನು ಹೇಳುವುದಕ್ಕೂ ತೋಚದೆ ಬಾನಿಯ ಕಡೆಗೆ ನೋಡಿ, "ಇದೇನು ಯಜಮಾನರೇ?" ಎಂದೆ. ಮುಜುಗರವನ್ನು ಮುಚ್ಚಿಕೊಳ್ಳುವುದಕ್ಕಾಗಿ ಕೇಳಿದ ಪ್ರಶ್ನೆ ಅದು. ಆದರೆ ಅದಕ್ಕೆ ಬಂದ ಉತ್ತರ ಸುಮಾರು ಒಂದೂವರೆ ಗಂಟೆಯ ಕಾಲ ನಡೆಯಿತು. ರಸಾಯನಶಾಸ್ತ್ರದಲ್ಲಿ ನಾನು ಕೇಳಿದ ಒಳ್ಳೆಯ ಉಪನ್ಯಾಸಗಳಲ್ಲಿ ಅದೊಂದು.

ಹಸಿ ತೊಗಲು ಮೂರು ದಿನದಲ್ಲಿ ಕೊಳೆಯುತ್ತದೆ. ಉಪ್ಪು ಸವರಿದರೆ ತಡೆಯುತ್ತದೆ. ಸುಣ್ಣದ ನೀರಿನಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಕೂದಲ ಬುಡ ಸಡಿಲವಾಗುತ್ತದೆ; ಆಮೇಲೆ ಹೆರೆದು, ಸುಣ್ಣ ಹೋಗುವಂತೆ ಚೆನ್ನಾಗಿ ತೊಳೆಯಬೇಕು. ಅನಂತರ ತಂಗಡಿ ತೊಗಟೆಯ ಕಷಾಯ. ಬಯಲುಸೀಮೆಯ ರಸ್ತೆಗಳ ಎರಡು ಬದಿಯಲ್ಲೂ ಹಳದಿ ಹೂ ಬಿಟ್ಟು ನಿಲ್ಲುವ ಗಿಡ ಅದು. ಕೆಲವು ಕಡೆ ಆವರಿಕೆ ಎನ್ನುತ್ತಾರೆ. ಅಳಲೆಕಾಯಿಯನ್ನೂ ಜಜ್ಜಿ ಹಾಕುವುದುಂಟು. ಮೊದಲು ತೆಳು ಕಷಾಯ, ಬರಬರುತ್ತ ಗಟ್ಟಿ ಕಷಾಯ. ಒಂದೇ ಸಲಕ್ಕೆ ಗಟ್ಟಿಯದಕ್ಕೆ ಹಾಕಿದರೆ ಹೊರಮೈ ಮಾತ್ರ ಹದವಾಗಿ ಒಳಗು ಹಸಿಯಾಗಿಯೇ ಉಳಿಯುತ್ತದೆ. ವಾರಗಳು ಕಳೆಯಬೇಕು.

"ಹದ ಬಂತು ಅಂತ ಹೇಗೆ ತಿಳಿಯುತ್ತೆ?" ಎಂದು ಕೇಳಿದೆ. ಮುದುಕರು ತೊಗಲಿನ ಅಂಚನ್ನು ಚೂರು ಕೊಯ್ದು ಕೊಯ್ದ ಬದಿಯನ್ನು ನನ್ನ ಕಣ್ಣಿಗೆ ಹಿಡಿದರು. ಮೇಲಿನಿಂದ ಒಂದು ಕಂದು ಗೆರೆ ಇಳಿದಿತ್ತು, ಕೆಳಗಿನಿಂದ ಒಂದು ಏರಿತ್ತು. ನಡುವೆ ದಾರದಷ್ಟು ಬಿಳುಪು ಉಳಿದಿತ್ತು. "ಈ ಬಿಳೇದು ಹೋಗ್ಬೇಕು. ಇನ್ನೊಂದು ಎಂಟು ದಿನ." ವಿಸರಣ ಎಂಬ ಶಬ್ದವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ವಿಸರಣ ನಡೆಯುತ್ತಿರುವಾಗಲೇ ಅದನ್ನು ಅಡ್ಡಕ್ಕೆ ಕೊಯ್ದು ನೋಡಿದುದು ಅದೇ ಮೊದಲು.

ಹೊಸ ಕಷಾಯ ಸಾಕಷ್ಟು ಗಟ್ಟಿಯಾಗಿದೆಯೇ ಎಂಬುದನ್ನು ಅವರು ಬೆರಳಿನಲ್ಲಿ ನಾಲಿಗೆಗೆ ಮುಟ್ಟಿಸಿಕೊಂಡು ಹೇಳುತ್ತಿದ್ದರು. ಒಗರು ಎಷ್ಟಿದೆಯೋ ಅಷ್ಟು ಬಲ. ನಾನೂ ಮುಟ್ಟಿಸಿಕೊಂಡೆ. ಬಾಯಿ ಬಿಗಿಯಿತು. ಆ ಬಿಗಿತದಲ್ಲಿಯೇ ನನಗೆ ಪಾಠ ಹೊಳೆಯಿತೆನ್ನಬೇಕು. ತೊಗಲಿನ ಬಹುಭಾಗ ಕೊಲ್ಲಾಜನ್ ಎಂಬ ಸಸಾರಜನಕ. ಮೂರು ಎಳೆ ಹೊಸೆದ ಹಗ್ಗದಂಥ ನಾರುಗಳು. ತೊಗಟೆಯ ಟ್ಯಾನಿನ್ ಈ ನಾರುಗಳನ್ನು ಅಲ್ಲಲ್ಲಿ ಹಿಡಿದು ಒಂದಕ್ಕೊಂದು ಬಂಧಿಸಿಬಿಡುತ್ತದೆ; ಆಮೇಲೆ ಕೊಳೆಸುವ ಜೀವಿಗಳಿಗೆ ಅಲ್ಲಿ ಸುಲಭವಾಗಿ ಹಲ್ಲೂರಲಾಗುವುದಿಲ್ಲ. (ನೋಡಿ, ಹಲ್ಲಿನ ಮಾತು ನನ್ನ ಬಾಯಲ್ಲೂ ಬಂತು!) ಎಳೆಯ ಅಡಕೆಯನ್ನೋ ಬಲಿಯದ ನೇರಳೆಯನ್ನೋ ಕಚ್ಚಿದಾಗ ನಾಲಿಗೆ ದಡ್ಡುಗಟ್ಟಿದಂತಾಗುವುದಕ್ಕೂ ಇದೇ ಕಾರಣ: ಅದೇ ಟ್ಯಾನಿನ್ ನಮ್ಮ ಜೊಲ್ಲಿನ ಸಸಾರಜನಕವನ್ನು ಹಿಡಿದು ಜಡಗೊಳಿಸುತ್ತದೆ, ಜಾರಿಕೆ ತಪ್ಪಿ ಬಾಯಿ ಒರಟಾಗುತ್ತದೆ. ಒಗರು ತಿಂದ ಪ್ರತಿಯೊಬ್ಬನೂ ತನ್ನ ನಾಲಿಗೆಯ ಮೇಲೆ ಒಂದು ಗಳಿಗೆಯ ಮಟ್ಟಿಗೆ ತೊಗಲು ಹದಮಾಡುವ ಕೆಲಸವನ್ನೇ ನಡೆಸಿರುತ್ತಾನೆ.

ಚಿತ್ರಪಟದಲ್ಲಿ ರೋಗದ ತವರಾಗಿದ್ದ ಆ ಅಂಗಳದಲ್ಲಿ ನಡೆಯುತ್ತಿದ್ದುದು ಕೊಳೆತವನ್ನು ತಡೆಯುವ ಕೆಲಸ! ಸೂಕ್ಷ್ಮಜೀವಿಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಕಥೆ ನಮ್ಮ ಹೋಬಳಿಯಲ್ಲಿ ಇರಲಿಲ್ಲ. ಆರು ವರ್ಷ ಅದರ ಬೆನ್ನಿಗೆ ತಿರುಗಿ ನಿಂತು ನಾನು ಪಾಠ ಹೇಳಿದ್ದೆ.

ಶಾಲೆಗೆ ಬಂದು ಇದನ್ನೇ ಮಕ್ಕಳಿಗೆ ಹೇಳಬೇಕೆಂದು ಕೇಳಿಕೊಂಡೆ. ಮುದುಕರು ನಕ್ಕುಬಿಟ್ಟರು. ಹುಡುಗನನ್ನು ಶಾಲೆಗೆ ಸೇರಿಸಿದ ದಿನವೂ ತಾವು ಗೇಟಿನ ಒಳಕ್ಕೆ ಬಂದಿರಲಿಲ್ಲವೆಂದರು. ನಾನು ಒತ್ತಾಯ ಮಾಡಿದಷ್ಟೂ ಅವರು ವಿನಯದಿಂದ ದೂರ ಸರಿದರು. ಹಾಗಾದರೆ ಮಕ್ಕಳನ್ನೇ ಇಲ್ಲಿಗೆ ಕರೆತರುತ್ತೇನೆ ಎಂದೆ. "ಕಳಿಸ್ತಾರಾ ಸ್ವಾಮಿ?" ಎಂದರು.

ಅವರ ಸಂದೇಹ ಸುಳ್ಳಾಗಲಿಲ್ಲ. ಸುದ್ದಿ ತಿಳಿದು ಕೆಲವು ಪೋಷಕರು ಬಂದರು. ಹಳ್ಳದ ವಾಸನೆ, ಮಕ್ಕಳ ಆರೋಗ್ಯ, ಪಾಠ ಹಿಂದೆ ಬೀಳುವುದು ಮುಂತಾಗಿ ಹತ್ತು ಕಾರಣಗಳನ್ನು ಹೇಳಿದರು. ಹನ್ನೊಂದನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಅಲ್ಲಿ ಧೈರ್ಯವಾಗಿ ಮಾತನಾಡಿದೆನೆಂದು ಬರೆಯಲು ಮನಸ್ಸಾಗುತ್ತದೆ, ಆದರೆ ಹಾಗೆ ನಡೆಯಲಿಲ್ಲ. ಇಷ್ಟವಿದ್ದವರು ಬರಲಿ ಎಂದು ಜಾರಿಕೊಂಡೆ. ಮೂವತ್ತೆಂಟು ಮಕ್ಕಳಲ್ಲಿ ಹದಿನೇಳು ಮಂದಿ ಬಂದರು. ಆ ಹದಿನೇಳರಲ್ಲಿ ತನ್ನ ಅಕ್ಕನ ಕೈಹಿಡಿದುಕೊಂಡು ಬಂದ ಒಬ್ಬ ಹುಡುಗಿಗೆ ಹುಟ್ಟಿನಿಂದಲೂ ಕಣ್ಣು ಕಾಣುತ್ತಿರಲಿಲ್ಲ.

ಆಕೆಯ ವಿಷಯದಲ್ಲಿಯೂ ನಾನು ಒಪ್ಪಿಕೊಳ್ಳಬೇಕಾದುದು ಉಂಟು. ಜೂನ್ ತಿಂಗಳಿನಿಂದ ಆಕೆ ಮೊದಲನೆಯ ಸಾಲಿನಲ್ಲಿ ಕೂರುತ್ತಿದ್ದಳು. ಜೂನ್ ತಿಂಗಳಿನಿಂದಲೂ ನಾನು ದಿನಕ್ಕೆ ಹತ್ತು ಸಲ "ಈ ಚಿತ್ರವನ್ನು ನೋಡಿ" ಎನ್ನುತ್ತಿದ್ದೆ. ಚಿತ್ರಕಥೆಯಿಂದ ಪಾಠ ಸುಲಭವಾಗುತ್ತದೆ ಎಂಬ ನನ್ನ ಸಿದ್ಧಾಂತದೊಳಗೆ ಆಕೆಗೆ ಜಾಗವೇ ಇರಲಿಲ್ಲ. ಜಾಗವಿಲ್ಲವೆಂಬುದು ನನಗೆ ಗೊತ್ತೂ ಇರಲಿಲ್ಲ.

ಅಂಗಳದಲ್ಲಿ ಮುದುಕರು ಮೂರು ತುಂಡುಗಳನ್ನು ಮಕ್ಕಳ ಕೈಗೆ ಕೊಟ್ಟರು: ಉಪ್ಪು ಹಾಕಿದ್ದು, ಸುಣ್ಣದಿಂದ ಎದ್ದದ್ದು, ಹದವಾದದ್ದು. ಕಣ್ಣಿದ್ದ ಮಕ್ಕಳು ಮೂಗು ಮುಚ್ಚಿಕೊಂಡು ನೋಡಿ ಪಕ್ಕದವರಿಗೆ ದಾಟಿಸಿದರು. ಆ ಹುಡುಗಿ ದಾಟಿಸಲಿಲ್ಲ. ಬೆರಳಿನಲ್ಲಿ ತಿಕ್ಕಿ ನೋಡಿದಳು, ಮಡಿಚಿ ನೋಡಿದಳು, ಮೂಸಿ ನೋಡಿದಳು, ನೀರು ಕೇಳಿ ಅದ್ದಿ ನೋಡಿದಳು. ಹಸಿಯದು ನೀರಿನಲ್ಲಿ ಲೋಳೆಯಾಗುತ್ತದೆ, ಒಣಗಿದರೆ ಹಲಗೆಯಂತಾಗುತ್ತದೆ. ಹದವಾದದ್ದು ನೆನೆದರೂ ಒಣಗಿದರೂ ಬಳುಕುತ್ತದೆ. ಇದು ಆಕೆಯ ಬಾಯಿಂದ ಬಂದ ವರದಿ. ಹಾಗಾದರೆ ನೀರು ಹೋಗುವ ಸಂದುಗಳಲ್ಲೆಲ್ಲ ಬೇರೇನೋ ಹೋಗಿ ಕೂತಿರಬೇಕು, ಅಲ್ಲವೇ ಸಾರ್, ಎಂದು ಕೇಳಿದಳು. ಪಠ್ಯಪುಸ್ತಕದ ಭಾಷೆಯಲ್ಲಲ್ಲದಿದ್ದರೂ ಆಕೆ ಹೇಳಿದುದು ಸರಿಯಾದುದರ ಬಹಳ ಹತ್ತಿರಕ್ಕೆ ಬಂದಿತ್ತು.

ಅಲ್ಲಿಂದ ನಮ್ಮ ಚಿತ್ರಕಥೆಯ ಪುಸ್ತಕ ಆರಂಭವಾಯಿತು. ಅಂಗಡಿಯ ಮಸಿ ಬೇಡವೆಂದು ತೀರ್ಮಾನಿಸಿದೆವು. ಅಳಲೆಕಾಯಿಯ ಪುಡಿಯನ್ನು ರಾತ್ರಿಯೆಲ್ಲ ನೆನೆಹಾಕಿ, ಸೋಸಿ, ಗ್ರಂದಿಗೆ ಅಂಗಡಿಯಿಂದ ತಂದ ಅನ್ನಭೇದಿಯನ್ನು ಬೆರೆಸಿದರೆ ಅದು ಕಪ್ಪಾಗುತ್ತದೆ. ತೊಗಲನ್ನು ಹಿಡಿಯುವ ಅದೇ ಟ್ಯಾನಿನ್ ಇಲ್ಲಿ ಕಬ್ಬಿಣವನ್ನು ಹಿಡಿಯುತ್ತದೆ. ಕಾಗದದ ಮೇಲೆ ಬರೆದಾಗ ಮೊದಲು ತೆಳುವಾಗಿ ಕಾಣುವ ಗೆರೆ ಗಾಳಿ ತಗುಲಿದ ಹಾಗೆಲ್ಲ ಕಪ್ಪೇರುತ್ತದೆ. ಕಬ್ಬಿಣ ಗಾಳಿಯ ಆಮ್ಲಜನಕದಿಂದ ಬದಲಾಗುವುದರ ಫಲ ಅದು. ಯೂರೋಪಿನಲ್ಲಿ ನೂರಾರು ವರ್ಷ ಬರೆದುದೆಲ್ಲ ಈ ಬಗೆಯ ಮಸಿಯಲ್ಲಿಯೇ. ಅಲ್ಲಿ ಅಳಲೆಯ ಬದಲು ಓಕ್ ಮರದ ಗಂಟು. ಜಾಲಿಯ ಅಂಟನ್ನು ಬೆರೆಸಿ ನಮ್ಮ ಮಸಿ ಸಿದ್ಧವಾಯಿತು. ಗೆರೆ ಕಪ್ಪಾಗುವುದನ್ನು ನೋಡುತ್ತ ಕೂತ ಮಕ್ಕಳಲ್ಲಿ ಕಳೆದ ವಾರ ಎದ್ದುಹೋಗಿದ್ದ ಹುಡುಗನೂ ಇದ್ದ. ಅವನು ಹೇಗೆ ಮರಳಿ ಬಂದನೆಂಬುದಕ್ಕೆ ದೊಡ್ಡ ಕಥೆಯೇನೂ ಇಲ್ಲ. ತಂಗಡಿ ತೊಗಟೆಯ ಕಟ್ಟನ್ನು ಶಾಲೆಗೆ ತಲಪಿಸು ಎಂದು ಅಜ್ಜ ಕಳುಹಿಸಿದ್ದರು. ತಲಪಿಸಿದವನು ಹಾಗೆಯೇ ತನ್ನ ಜಾಗದಲ್ಲಿ ಕುಳಿತ.

ಮೊದಲ ಪುಟಕ್ಕೆ ವಿಜ್ಞಾನಿಯೊಬ್ಬನ ಚಿತ್ರ ಬೇಕೆಂದು ಮಕ್ಕಳು ಹಟ ಹಿಡಿದರು. ಎಲ್ಲರೂ ಒಂದೊಂದು ಬರೆಯಿರಿ, ಒಳ್ಳೆಯದನ್ನು ಆರಿಸೋಣ ಎಂದೆ. ಬಂದ ಚಿತ್ರಗಳಲ್ಲಿ ಗಡ್ಡ, ಕನ್ನಡಕ, ಉದ್ದನೆಯ ಬಿಳಿ ಅಂಗಿ, ಹೊಗೆಯಾಡುವ ಸೀಸೆ. ಒಂದೇ ಒಂದು ಚಿತ್ರದಲ್ಲಿ ಹೆಂಗಸಿದ್ದಳು. ಆಕೆ ವಿಜ್ಞಾನಿಗೆ ಚಹ ತಂದುಕೊಡುತ್ತಿದ್ದಳು. ಡೇವಿಡ್ ವೇಡ್ ಚೇಂಬರ್ಸ್ ಎಂಬುವರು ೧೯೮೩ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಓದಿದುದು ಆಮೇಲೆ. ಹನ್ನೊಂದು ವರ್ಷಗಳ ಅವಧಿಯಲ್ಲಿ ಅವರು ೪,೮೦೭ ಮಕ್ಕಳಿಂದ ವಿಜ್ಞಾನಿಯ ಚಿತ್ರ ಬರೆಸಿದ್ದರು. ಅವುಗಳಲ್ಲಿ ಹೆಣ್ಣು ವಿಜ್ಞಾನಿಯ ಚಿತ್ರಗಳು ಬರಿಯ ೨೮. ಅಷ್ಟನ್ನೂ ಬರೆದವರು ಹುಡುಗಿಯರೇ. ಅದು ಪಶ್ಚಿಮದ ಮಕ್ಕಳ ಮಾತು. ಆದರೂ ಆ ಚಿತ್ರಗಳ ವರ್ಣನೆಯನ್ನು ಓದುತ್ತಿದ್ದಾಗ ನಮ್ಮ ಎಂಟನೆಯ ತರಗತಿಯ ಹಾಳೆಗಳೇ ಕಣ್ಣಮುಂದೆ ಬಂದವು. ಅಮೆರಿಕದಲ್ಲಿ ಐವತ್ತು ವರ್ಷ ನಡೆದ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ೨೦೧೮ರಲ್ಲಿ ಮತ್ತೊಂದು ಅಧ್ಯಯನ ಬಂತು. ಈಚಿನ ದಶಕಗಳಲ್ಲಿ ಹೆಣ್ಣು ವಿಜ್ಞಾನಿಯನ್ನು ಬರೆಯುವವರ ಪ್ರಮಾಣ ನೂರಕ್ಕೆ ಸುಮಾರು ೨೮ಕ್ಕೆ ಏರಿದೆಯೆಂದೂ, ಆದರೆ ಮಕ್ಕಳು ದೊಡ್ಡವರಾದಂತೆ ಮತ್ತೆ ಗಂಡಸರನ್ನೇ ಬರೆಯತೊಡಗುತ್ತಾರೆಂದೂ ಅದು ಹೇಳುತ್ತದೆ. ಎಂದರೆ ಆ ಚಿತ್ರ ಮಗುವಿನ ಮನಸ್ಸಿನಲ್ಲಿ ತಾನಾಗಿ ಹುಟ್ಟಿದುದಲ್ಲ. ನಾವು ತೋರಿಸಿ ತೋರಿಸಿ ಮೂಡಿಸಿದುದು.

ತೊಗಲಿನ ವಿಜ್ಞಾನಿಯೊಬ್ಬರ ಹೆಸರನ್ನು ಹೇಳಿ, ಅವರನ್ನು ಬರೆಯಿರಿ ಎಂದೆ: ಯಲವರ್ತಿ ನಾಯುಡಮ್ಮ. ಮದರಾಸಿನಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು. ರೈತಕುಟುಂಬದಲ್ಲಿ ಹುಟ್ಟಿ, ಇತರರು ಮೂಗು ಮುರಿಯುತ್ತಿದ್ದ ವಿದ್ಯೆಯನ್ನು ತಾವಾಗಿ ಆರಿಸಿಕೊಂಡವರು. ೧೯೮೫ರ ಜೂನ್ ೨೩ರಂದು ಅಟ್ಲಾಂಟಿಕ್ ಸಾಗರದ ಮೇಲೆ ಬಾಂಬಿಗೆ ತುತ್ತಾದ ಕನಿಷ್ಕ ವಿಮಾನದಲ್ಲಿ ತೀರಿಕೊಂಡವರು. ಮಕ್ಕಳು ಹೆಸರಿನ ಕೊನೆಯ "ಅಮ್ಮ"ನನ್ನು ಕೇಳಿ ಅವರಿಗೆ ಸೀರೆಯುಡಿಸಿ, ಹೂ ಮುಡಿಸಿ ಬರೆದುಕೊಂಡು ಬಂದರು! ಅವರು ಗಂಡಸರೆಂದು ನಾನು ಹೇಳಿದಾಗ ಹುಡುಗಿಯರ ಸಾಲಿನಲ್ಲಿ ಕಂಡ ನಿರಾಶೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಹಾಗಾದರೆ ಹೆಂಗಸರು ಯಾರೂ ಇಲ್ಲವೇ ಸಾರ್?" ಎಂದು ಒಬ್ಬಳು ಕೇಳಿದಳು.

ಹೀಗೆ ಕಮಲಾ ಸೊಹೋನಿಯವರ ಕಥೆ ನಮ್ಮ ಪುಸ್ತಕಕ್ಕೆ ಬಂತು. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಆಕೆಯನ್ನು ಹೆಂಗಸೆಂಬ ಕಾರಣದಿಂದ ನಿರಾಕರಿಸಿದವರು ಸಿ. ವಿ. ರಾಮನ್. ಆಕೆ ಹಿಂದಿರುಗಲಿಲ್ಲ, ಪಟ್ಟುಹಿಡಿದು ಕುಳಿತಳು. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಸೇರಿಸಿಕೊಂಡರು. ಹಾಲಿನಲ್ಲಿಯೂ ಬೇಳೆಕಾಳುಗಳಲ್ಲಿಯೂ ಇರುವ ಸಸಾರಜನಕಗಳ ಮೇಲೆ ಆಕೆ ಅಲ್ಲಿ ಕೆಲಸ ಮಾಡಿದಳು. ೧೯೩೯ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದಳು. ಬೆಳಕಿನ ಪಾಠದಲ್ಲಿ ನಾನು ರಾಮನ್ನರನ್ನು ಎಷ್ಟು ಕೊಂಡಾಡಿದ್ದೆನೋ ಮಕ್ಕಳಿಗೆ ಜ್ಞಾಪಕವಿತ್ತು. ಈ ಚಿತ್ರದಲ್ಲಿ ಅವರನ್ನು ಹೇಗೆ ಬರೆಯುವುದೆಂದು ದೊಡ್ಡ ಚರ್ಚೆಯಾಯಿತು. ದುಷ್ಟನಂತೆ ಬರೆಯೋಣವೆಂದರು ಕೆಲವರು. ಆ ಪುಟವೇ ಬೇಡವೆಂದರು ಕೆಲವರು. ಕೊನೆಗೆ ಒಬ್ಬಳು ಪೇಟ ಸುತ್ತಿದ ರಾಮನ್ನರನ್ನು ಮೇಜಿನ ಹಿಂದೆ ಕೂರಿಸಿ, ಬಾಗಿಲಲ್ಲಿ ಹುಡುಗಿಯನ್ನು ನಿಲ್ಲಿಸಿ ಬರೆದಳು. ಇಬ್ಬರ ಮುಖದಲ್ಲಿಯೂ ಹಟ. ದೊಡ್ಡವರು ತಪ್ಪು ಮಾಡಬಲ್ಲರು, ತಪ್ಪು ಮಾಡಿಯೂ ದೊಡ್ಡವರಾಗಿರಬಲ್ಲರು ಎಂಬುದನ್ನು ಆ ಚಿತ್ರ ಬಹಳ ಸರಳವಾಗಿ ತೋರಿಸಿತ್ತು.

ನನ್ನ ಕೈಯಿಂದಲೂ ಒಂದು ಚಿತ್ರ ಬಂತು, ಅದು ಕೆಟ್ಟಿತು. ಉತ್ಸಾಹದ ಭರದಲ್ಲಿ ಮುದುಕರಿಗೆ ಬಿಳಿಯ ಉದ್ದ ಅಂಗಿ ತೊಡಿಸಿ, ಕೈಗೆ ಗಾಜಿನ ನಳಿಕೆ ಕೊಟ್ಟು ಬಾನಿಯ ಪಕ್ಕದಲ್ಲಿ ನಿಲ್ಲಿಸಿದ್ದೆ. ಮೊಮ್ಮಗ ಅದನ್ನು ಒಯ್ದು ತೋರಿಸಿದ. ಮರುದಿನ ಅಜ್ಜನ ಅಭಿಪ್ರಾಯ ಬಂತು: "ಸುಣ್ಣದ ಕೆಲಸಕ್ಕೆ ಅಷ್ಟುದ್ದ ತೋಳು ಅಡ್ಡ ಬತ್ತದಂತೆ ಸಾರ್." ಹುಡುಗ ಅದನ್ನು ಕಿತ್ತು, ಅಜ್ಜ ಇದ್ದ ಹಾಗೆ ಬರೆದ: ತಲೆಗೆ ವಸ್ತ್ರ, ಮೇಲೆತ್ತಿ ಕಟ್ಟಿದ ಪಂಚೆ, ಬೆರಳ ತುದಿ ನಾಲಿಗೆಯ ಮೇಲೆ. ಈಚೆಗೆ ಬರುವ ಅಂದವಾದ ಮಕ್ಕಳ ಪುಸ್ತಕಗಳಲ್ಲಿ ನನ್ನ ಆ ತಪ್ಪೇ ಬೇರೆ ಬೇರೆ ವೇಷದಲ್ಲಿ ಕಾಣಿಸುತ್ತದೆ. ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ ಒಂದು ಮಗು ನಗುತ್ತಿರುತ್ತದೆ; ಕಥೆಯಲ್ಲಿ ಅದಕ್ಕೆ ಒಂದು ಪ್ರಶ್ನೆಯೂ ಇಲ್ಲ, ಒಂದು ಕೆಲಸವೂ ಇಲ್ಲ. ಇಳಿಜಾರನ್ನು ಕಟ್ಟುವಾಗ ಎಷ್ಟು ಉದ್ದಕ್ಕೆ ಎಷ್ಟು ಎತ್ತರವಿದ್ದರೆ ಕುರ್ಚಿಯನ್ನು ಕೈಬಲದಿಂದ ಏರಿಸಬಹುದೆಂಬ ಲೆಕ್ಕವನ್ನು ಆ ಮಗುವಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಚಿತ್ರಕಾರನಿಗೆ ಆ ಲೆಕ್ಕ ಬೇಕಾಗಿಲ್ಲ, ಕುರ್ಚಿ ಬೇಕಾಗಿದೆ.

ಆದರೂ ನಮ್ಮ ಮುಂದೆ ಒಳ್ಳೆಯ ಮಾದರಿಗಳು ಇಲ್ಲದೆ ಇರಲಿಲ್ಲ. ಯುದ್ಧದಲ್ಲಿ ನೆಲೆ ಕಳೆದುಕೊಂಡು ದೇಶದಿಂದ ದೇಶಕ್ಕೆ ಅಲೆದ ಕೊಮೇನಿಯಸ್ ೧೬೫೮ರಲ್ಲಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಅಚ್ಚುಹಾಕಿಸಿದ ಚಿತ್ರಪುಸ್ತಕದಲ್ಲಿ ಗ್ರಹನಕ್ಷತ್ರಗಳ ಜೊತೆಗೆ ಕಮ್ಮಾರ, ಕುಂಬಾರ, ಚಮ್ಮಾರರ ಕೆಲಸದ ಕೊಠಡಿಗಳೂ ಇವೆ. ಅವರ ಸಲಕರಣೆಗಳಿಗೆ ಒಂದೊಂದಕ್ಕೂ ಅಂಕಿ ಹಾಕಿ ಹೆಸರು ಕೊಟ್ಟಿದೆ. ನಮ್ಮಲ್ಲಿ ಶಿವರಾಮ ಕಾರಂತರು ಬಾಲಪ್ರಪಂಚದ ಮೂರು ಸಂಪುಟಗಳನ್ನೂ ವಿಜ್ಞಾನ ಪ್ರಪಂಚದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಹೊತ್ತರು. ಬಿ. ಜಿ. ಎಲ್. ಸ್ವಾಮಿಯವರ ಹಸುರು ಹೊನ್ನು ೧೯೭೮ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದುದು ಎಲ್ಲರಿಗೂ ಗೊತ್ತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯೊಳಗೆ ಸಸ್ಯಶಾಸ್ತ್ರವನ್ನು ಹೇಳಿ, ಚಿತ್ರಗಳನ್ನೂ ತಾವೇ ಬರೆದ ಆ ಪುಸ್ತಕವನ್ನು ಓದಿದ ಮೇಲೆ ಗಿಡವೊಂದನ್ನು ಬರಿಯ ಲ್ಯಾಟಿನ್ ಹೆಸರಿನಿಂದ ಕರೆಯಲು ನನಗೆ ನಾಚಿಕೆಯಾಗುತ್ತಿತ್ತು. ೨೦೧೫ರಿಂದ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಎಂಬ ಏರ್ಪಾಡಿನಲ್ಲಿ ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಮಾತಿಗೆ ತಿರುಗಿಸಿಕೊಳ್ಳಬಹುದಾದ ಚಿತ್ರಕಥೆಗಳು ಕನ್ನಡದಲ್ಲಿಯೂ ಸಿಗುತ್ತಿವೆ. ನಾವು ಆಗ ಅಳಲೆಕಾಯಿ ಜಜ್ಜುತ್ತಿದ್ದೆವು.

ಕಥೆಯ ಅಪಾಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಟ್ಯಾನಿನ್ನನ್ನು ಕಾವಲುಗಾರನಂತೆ, ಕೊಲ್ಲಾಜನ್ನನ್ನು ರಾಜಕುಮಾರಿಯಂತೆ ಮಕ್ಕಳು ಬರೆದಿದ್ದರು. ಚೆನ್ನಾಗಿಯೇ ಇತ್ತು. ಪರೀಕ್ಷೆಯಲ್ಲಿ ಒಬ್ಬ, "ಟ್ಯಾನಿನ್ನಿಗೆ ತೊಗಲಿನ ಮೇಲೆ ಪ್ರೀತಿಯಿರುವುದರಿಂದ" ಎಂದು ಉತ್ತರ ಬರೆದ. ತಪ್ಪು ಅವನದಲ್ಲ. ಆಮೇಲೆ ಕಥೆಯ ಪ್ರತಿ ಪುಟದ ಎದುರಿಗೂ ಮಾಡಿನೋಡಿದುದರ ವಿವರವನ್ನು ಬರೆಯಬೇಕೆಂದು ಕಟ್ಟು ಮಾಡಿದೆ: ಎಷ್ಟು ನೀರು, ಎಷ್ಟು ದಿನ, ಏನು ಕಂಡಿತು.

ಇನ್ನು ಕಣ್ಣು ಕಾಣದ ಹುಡುಗಿಯ ಪಾಲು. ಆಕೆಗಾಗಿ ಗೆರೆಗಳ ಮೇಲೆ ದಾರ ಅಂಟಿಸಿದೆವು, ಸುಣ್ಣದ ತೊಟ್ಟಿಯ ಗುಳ್ಳೆಗಳಿಗೆ ರಾಗಿ ಕಾಳು, ಬಾನಿಗೆ ಒಡೆದ ಮಡಕೆಯ ಚೂರು, ತೊಗಲಿಗೆ ತೊಗಲಿನದೇ ತುಂಡು. ಆಕೆ ಪರೀಕ್ಷಿಸಿ ಅರ್ಧಕ್ಕರ್ಧವನ್ನು ತಿರಸ್ಕರಿಸಿದಳು. ಒಂದೇ ಪುಟದಲ್ಲಿ ಏಳೆಂಟು ಸಂಗತಿಗಳನ್ನು ತುಂಬಿದರೆ ಕಣ್ಣಿಗೆ ಅಂದವಾಗಿರಬಹುದು, ಬೆರಳಿಗೆ ಅದು ಸಂತೆ. ಒಂದು ಪುಟಕ್ಕೆ ಒಂದೇ ವಸ್ತು ಸಾಕೆಂದಳು. ಅದರಂತೆ ಮಾಡಿದಾಗ ಕಣ್ಣಿದ್ದ ಮಕ್ಕಳಿಗೂ ಪುಟಗಳು ಮೊದಲಿಗಿಂತ ಸ್ಪಷ್ಟವಾದುದನ್ನು ನಾನು ಕಂಡೆ.

ಚಿತ್ರದ ಕೆಳಗೆ ಮಾತು ಬೇಕಲ್ಲ? ಆಕೆಗೆ ಬ್ರೈಲ್ ಲಿಪಿ ಬರುತ್ತಿತ್ತು, ನಮಗೆ ಬರುತ್ತಿರಲಿಲ್ಲ. ಆರು ಚುಕ್ಕೆಗಳ ಒಂದು ಮನೆ, ಅದರಿಂದ ಅರವತ್ತಮೂರು ಆಕಾರಗಳು. ಭಾರತದ ಭಾಷೆಗಳಿಗೆಲ್ಲ ಒಂದೇ ಏರ್ಪಾಡಿನ ಭಾರತಿ ಬ್ರೈಲ್ ೧೯೫೧ರಲ್ಲಿ ಒಪ್ಪಿತವಾಯಿತೆಂಬುದನ್ನೆಲ್ಲ ನಾನು ಆಗ ಓದಿಕೊಂಡೆ. ಓದುತ್ತ ಹೋದಾಗ ಲೂಯಿ ಬ್ರೈಲನ ಬಾಲ್ಯ ಬಂತು. ೧೮೦೯ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅವನ ತಂದೆ ಕುದುರೆಯ ಜೀನು, ಕಡಿವಾಣಗಳನ್ನು ಹೊಲಿಯುವ ತೊಗಲಿನ ಕೆಲಸಗಾರ. ಮೂರು ವರ್ಷದ ಮಗು ಅಪ್ಪನ ಕೆಲಸದ ಕೊಠಡಿಯಲ್ಲಿ ತೊಗಲು ಚುಚ್ಚುವ ಮೊನೆಯಿಂದ ಕಣ್ಣಿಗೆ ಗಾಯ ಮಾಡಿಕೊಂಡಿತು. ಗಾಯ ಕೊಳೆತು ಎರಡು ಕಣ್ಣೂ ಹೋದುವು. ಹದಿನೈದನೆಯ ವಯಸ್ಸಿಗೆ, ೧೮೨೪ರಲ್ಲಿ, ಚುಕ್ಕೆಗಳ ಲಿಪಿಯನ್ನು ರೂಪಿಸಿದ. ಇದನ್ನು ತರಗತಿಯಲ್ಲಿ ಹೇಳಿದಾಗ ತೊಗಲಿನ ಮನೆಯ ಹುಡುಗ ಏನೂ ಮಾತನಾಡಲಿಲ್ಲ. ಮರುದಿನ ಅಜ್ಜನ ಚುಚ್ಚುವ ಮೊನೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದ. ಇಬ್ಬರೂ ಕೂತು ರಟ್ಟಿನ ಹಿಂಬದಿಯಿಂದ ಚುಕ್ಕೆ ಒತ್ತತೊಡಗಿದರು. ಹಿಂದಿನಿಂದ ಒತ್ತುವಾಗ ಬಲದಿಂದ ಎಡಕ್ಕೆ ಬರೆಯಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ. ಮೊದಲ ಸಾಲನ್ನು ಬೆರಳಾಡಿಸಿ ಓದಿದ ಆಕೆ ತಡೆಯಲಾರದೆ ನಕ್ಕಳು. ಎಲ್ಲ ಅಕ್ಷರಗಳೂ ಕನ್ನಡಿಯೊಳಗೆ ಹೊಕ್ಕಂತೆ ತಿರುವುಮುರುವಾಗಿದ್ದುವು. ಅವನೂ ನಕ್ಕ. ಆ ವರ್ಷದಲ್ಲಿ ಅವನು ತರಗತಿಯೊಳಗೆ ನಕ್ಕುದನ್ನು ನಾನು ನೋಡಿದುದು ಅದೇ ಮೊದಲು.

ಪುಸ್ತಕ ಮುಗಿದಾಗ ಇಪ್ಪತ್ತೆರಡು ಪುಟವಾಯಿತು. ಅದನ್ನು ನೋಡಲು ಮುದುಕರು ಬಂದರು. ಗೇಟಿನ ಹತ್ತಿರ ಕೆಲವು ನಿಮಿಷ ನಿಂತು ಆಮೇಲೆ ಒಳಗೆ ಬಂದರು. ಓದು ಬಾರದ ಅವರು ಚಿತ್ರಗಳನ್ನು ನೋಡಿ, ಸುಣ್ಣದಲ್ಲಿಡುವ ಪುಟವೂ ತೊಳೆಯುವ ಪುಟವೂ ಅದಲುಬದಲಾಗಿವೆ ಎಂದು ತೋರಿಸಿಕೊಟ್ಟರು. ಸರಿಯಾಗಿಯೇ ಇತ್ತು ಅವರ ಮಾತು. ಬಿಚ್ಚಿ ಮತ್ತೆ ಹೊಲಿದೆವು. ಎಂಟು ಹಾಳೆಗಳ ಹಳೆಯ ಪಟವನ್ನು ನಾನು ಸುಡಲಿಲ್ಲ. ಮುಂದಿನ ವರ್ಷಗಳಲ್ಲಿ ಅದನ್ನು ತರಗತಿಗೆ ತಂದು, ಇದರಲ್ಲಿ ಏನೇನು ತಪ್ಪಿದೆ ಹುಡುಕಿ ಎಂದು ಕೇಳುತ್ತಿದ್ದೆ. ಹಲ್ಲನ್ನು ಕಂಡುಹಿಡಿಯಲು ಅವ್ಯಾರಿಗೂ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಉಳಿದುದಕ್ಕೆ ಕೆಲವು ವರ್ಷ ಒಂದು ದಿನ ಹಿಡಿಯುತ್ತಿತ್ತು, ಕೆಲವು ವರ್ಷ ಒಂದು ವಾರ.

ಮುದುಕರು ೨೦೧೧ರಲ್ಲಿ ತೀರಿಕೊಂಡರು. ಕ್ರೋಮಿಯಂ ಲವಣಗಳಿಂದ ಒಂದೆರಡು ದಿನದಲ್ಲಿ ತೊಗಲನ್ನು ಹದಮಾಡುವ ಕಾರ್ಖಾನೆಗಳ ಎದುರು ತಂಗಡಿಯ ಬಾನಿ ಎಷ್ಟು ಕಾಲ ನಿಂತೀತು? ಮೊಮ್ಮಗ ಹತ್ತನೆಯ ತರಗತಿ ಮುಗಿಸಿ, ಈಗ ತಾಲ್ಲೂಕು ಕೇಂದ್ರದಲ್ಲಿ ವಾಹನಗಳ ಬ್ಯಾಟರಿ ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಕಂಡಾಗ ಮಾತನಾಡಿಸುತ್ತಾನೆ, ಪಟದ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಹುಡುಗಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದಾಳೆ. ೨೦೨೩ರ ದಸರೆಯ ರಜೆಯಲ್ಲಿ ಮನೆಗೆ ಬಂದವಳು ಆ ಪುಸ್ತಕ ಇದೆಯೇ ಎಂದು ಕೇಳಿದಳು. ನಿವೃತ್ತನಾಗುವಾಗ ಶಾಲೆಯವರು ಅದನ್ನು ನನಗೇ ಕೊಟ್ಟಿದ್ದರು, ತೆಗೆದುಕೊಟ್ಟೆ. ರಾಗಿ ಕಾಳುಗಳನ್ನು ಇಲಿ ತಿಂದಿತ್ತು. ತೊಗಲಿನ ತುಂಡು ಹಾಗೆಯೇ ಬಳುಕುತ್ತಿತ್ತು. ಚಿತ್ರಗಳ ಮೇಲೆ ಬೆರಳಾಡಿಸುತ್ತಿದ್ದವಳು ಒಂದು ಕಡೆ ತಡೆದು, "ಇಲ್ಲಿ ಕಾಗದ ತೂತಾಗಿದೆ ಸಾರ್. ಗೆರೆ ಇದ್ದ ಕಡೆಯಲ್ಲೇ ತೂತು. ಯಾಕೆ?" ಎಂದಳು.

ಕಬ್ಬಿಣ ಹೆಚ್ಚಾದರೆ ಈ ಮಸಿ ಕಾಗದವನ್ನು ತಿನ್ನುತ್ತದೆ. ಅನ್ನಭೇದಿಯಿಂದ ಹುಟ್ಟುವ ಆಮ್ಲವೂ ಅದಕ್ಕೆ ಸೇರುತ್ತದೆ. ಹಳೆಯ ಪುಸ್ತಕಭಂಡಾರಗಳಲ್ಲಿ ಎಷ್ಟೋ ಹಸ್ತಪ್ರತಿಗಳು ಹೀಗೆ ಅಕ್ಷರದ ಆಕಾರದಲ್ಲಿಯೇ ತೂತಾಗಿವೆ. ನಾವು ಎಷ್ಟು ಅನ್ನಭೇದಿ ಹಾಕಿದ್ದೆವೆಂದು ಆಕೆ ಕೇಳಿದಳು. ಎದುರಿನ ಪುಟದಲ್ಲಿ ವಿವರವಿರಬೇಕೆಂದು ಹುಡುಕಿದೆ. "ಒಂದು ಹಿಡಿ" ಎಂದು ಬರೆದಿತ್ತು. ಯಾರ ಹಿಡಿಯೆಂದು ಬರೆದಿರಲಿಲ್ಲ.

"ನಮ್ಮ ಶಾಲೆಯಲ್ಲಿ ತಕ್ಕಡಿ ಇದೆ ಸಾರ್," ಎಂದಳು. "ಈ ಸಲ ತೂಗಿ ಹಾಕುತ್ತೇವೆ. ಅಳಲೆಕಾಯಿ ನಿಮಗೆ ಎಲ್ಲಿ ಸಿಗುತ್ತಿತ್ತು?"

ಅಂಗಡಿಯ ಗುರುತನ್ನು ಹೇಳಿದೆ.